ಕರಾಚಿ ಬಿದ್ದ ರಾತ್ರಿ

10 ಮೇ 2025, ಶನಿವಾರ

ಪಾಕಿಸ್ತಾನದ ಜೊತೆ ಯುದ್ಧದ ಗಲಾಟೆ, ಗುರುವಾರದಿಂದ ದೊಡ್ಡಮ್ಮಂಗೆ ಬಿಪಿ ಕಂಟ್ರೋಲಿಗೇ ಬರ್ತಿಲ್ಲ. ಟೀವಿಲಿ ಸೈರನ್ ಕೂಗಿದಾಗೆಲ್ಲ ಒಲೆ ಆರಿಸಿ ಹೊರಗೆ ಬಂದು ಆಕಾಶ ನೋಡ್ತಾರೆ, ಶಿವಮೊಗ್ಗಕ್ಕೆ ಯಾರು ಬಾಂಬ್ ಹಾಕ್ತಾರೆ ದೊಡ್ಡಮ್ಮಾ ಅಂದ್ರೆ ನಿಂಗೇನೇ ಗೊತ್ತು ಅಂತಾರೆ. ಇವತ್ತು ಕೇಂದ್ರದವ್ರೇ ಚಾನೆಲ್‌ಗಳಿಗೆ ಸುಮ್ಸುಮ್ನೆ ಸೈರನ್ ಹಾಕ್ಬೇಡಿ, ಆಮೇಲೆ ನಿಜವಾದ್ದು ಕೂಗಿದ್ರೂ ಜನ ಕೇಳಿಸ್ಕೊಳಲ್ಲ ಅಂತ ಹೇಳಿದಾರಂತೆ. ಪುಣ್ಯ ಬರ್ಲಿ.

ಸಂಜೆ ಕದನವಿರಾಮ ಬೇರೆ. ಅದನ್ನೂ ಮೊದ್ಲು ಹೇಳಿದ್ದು ಟ್ರಂಪ್, ಆಮೇಲೆ ನಮ್ಮವ್ರು.

ನಂಗೆ ತಲೇಲಿ ಕೊರೀತಿರೋದು ಗುರುವಾರ ರಾತ್ರೀದೇ. ಚಾನೆಲ್‌ಗಳಲ್ಲಿ ಕರಾಚಿ ಬಂದರು ಉಡೀಸ್, ಇಸ್ಲಾಮಾಬಾದ್ ಒಳಗೇ ನುಗ್ಗಿದ್ರು, ಎಲ್ಲಾ "ಮೂಲಗಳ ಪ್ರಕಾರ". ಬೆಳಗ್ಗೆ ನೋಡಿದ್ರೆ ಕರಾಚಿ ಇದ್ದಲ್ಲೇ ಇದೆ. ತಮಾಷೆ ಏನಂದ್ರೆ ಪಹಲ್ಗಾಮ್ ಉಗ್ರರ ದಾಳಿ ಆದ ನಾಲ್ಕೇ ದಿನಕ್ಕೆ, ಏಪ್ರಿಲ್ 26ಕ್ಕೆ, ಸರ್ಕಾರ ಚಾನೆಲ್‌ಗಳಿಗೆ ಹೇಳಿತ್ತು, ಸೇನೆ ಕಾರ್ಯಾಚರಣೆ ಲೈವ್ ತೋರಿಸ್ಬೇಡಿ, ಮೂಲಗಳು ಹೇಳಿದ್ವು ಅಂತಾನೂ ಹಾಕ್ಬೇಡಿ, ಅಧಿಕಾರಿ ಬ್ರೀಫಿಂಗ್ ಕೊಟ್ಟಷ್ಟೇ ಹೇಳಿ ಅಂತ. ಅದು ಸರಿನೇ, 26/11 ಮುಂಬೈ ದಾಳೀಲಿ ಟೀವಿ ಲೈವ್ ನೋಡ್ಕೊಂಡೇ ಉಗ್ರರಿಗೆ ಆ ಕಡೆಯಿಂದ ಸೂಚನೆ ಕೊಡ್ತಿದ್ದದ್ದು ನೆನಪಿದೆಯಲ್ಲ. ಆದ್ರೆ ಇಸ್ಲಾಮಾಬಾದ್ ಗೆದ್ದೋರಿಗೆ ಆ ರೂಲ್ ಯಾಕೆ ತಟ್ಟಲಿಲ್ಲ? ಅದೇ ಹೊತ್ತಿಗೆ ಎಕ್ಸ್‌ನವ್ರು (ಮೊದ್ಲಿನ ಟ್ವಿಟರ್) ನಮಗೆ 8,000ಕ್ಕೂ ಹೆಚ್ಚು ಖಾತೆ ಬ್ಲಾಕ್ ಮಾಡಕ್ಕೆ ಸರ್ಕಾರದಿಂದ ಆರ್ಡರ್ ಬಂದಿದೆ ಅಂದ್ರು, ಮಾರನೇ ದಿನ ದಿ ವೈರ್ ಅನ್ನೋ ಸುದ್ದಿ ಸೈಟೇ ಓಪನ್ ಆಗ್ಲಿಲ್ಲ.

ಇದನ್ನೇ ದೊಡ್ಡಪ್ಪನ ಹತ್ರ ಹೇಳ್ತಿದ್ದೆ. ಅವ್ರು ತುರ್ತು ಪರಿಸ್ಥಿತಿ ಟೈಮಲ್ಲಿ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ದೋರು, ನಿಮಗೆಲ್ಲ ಗೊತ್ತಲ್ಲ. ಪ್ರೂಫ್ ತಗೊಂಡು ಸೈಕಲ್ಲಲ್ಲಿ ಸೆನ್ಸಾರ್ ಆಫೀಸರ್ ಹತ್ರ ಹೋಗಿ ಕೂತಿರ್ಬೇಕಿತ್ತಂತೆ, ಕೆಂಪು ಗೆರೆ ಹಾಕಿ ವಾಪಸ್ ಕೊಟ್ರೆ ಬಂದು ಅಷ್ಟು ಸಾಲಿನ ಮೊಳೆ ಕಿತ್ತು ಮತ್ತೆ ಪುಟ ಕಟ್ಟೋದು.

"ಜಾಗ ಹಂಗೇ ಬಿಡ್ತಿದ್ರಾ?"

"ಬಿಡ್ಬೋದಿತ್ತು ಮೊದ್ಲು. ದೆಹಲೀಲಿ ಇಂಡಿಯನ್ ಎಕ್ಸ್‌ಪ್ರೆಸ್‌ನೋರು ಸಂಪಾದಕೀಯಾನೇ ಖಾಲಿ ಬಿಟ್ರಲ್ಲ. ಆಮೇಲೆ ಖಾಲಿ ಬಿಡಕೂಡದು ಅಂತ್ಲೂ ಬಂತು. ಗಾಂಧೀಜಿ ಮಾತು, ಟಾಗೋರ್ ಮಾತು ಹಾಕಿ ತುಂಬಿಸ್ಬೇಡಿ ಅಂತ್ಲೂ."

"ಗಾಂಧೀಜೀನೂ ಬೇಡ್ವಾ!"

"ಮತ್ತೆ? ಖಾಲಿ ಇದ್ರೆ ಇಲ್ಲೇನೋ ಇತ್ತು ಅಂತ ಓದೋರಿಗೆ ಗೊತ್ತಾಗತ್ತಲ್ಲೇ." ಆಮೇಲೆ ಅವ್ರೇ ರಿಮೋಟ್ ತೋರಿಸಿ, "ಇದ್ರಲ್ಲಿ ಖಾಲಿ ಜಾಗ ಎಲ್ಲಿದೆ ಹುಡುಕು ನೋಡಣ" ಅಂದ್ರು. ನಾಲ್ಕು ಕಿಟಕಿ, ಕೆಳಗೆ ಎರಡು ಪಟ್ಟಿ, ಮೂಲೇಲಿ ಯಾವ್ದೋ ಹಳೇ ಸ್ಫೋಟದ ವಿಡಿಯೋ ಸುತ್ತುತ್ತಾನೇ ಇತ್ತು.

ಆಗ ರಾತ್ರಿ ರೇಡಿಯೋಲಿ ಬಿಬಿಸಿ ಹಚ್ತಿದ್ವಿ, ಸೌಂಡ್ ಕಮ್ಮಿ ಇಟ್ಕೊಂಡು, ಅಂದ್ರು ದೊಡ್ಡಪ್ಪ. ನಾನು ಈಗೇನು ಹಚ್ಲಿ? ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಬ್ರೀಫಿಂಗ್ ಪೂರ್ತಿ ಕೇಳ್ತೀನಿ, ಅದೊಂದೇ ಸಮಾಧಾನ, ಆದ್ರೆ ಅವ್ರೂ ಸರ್ಕಾರದವ್ರೇ ತಾನೆ, ಹೇಳ್ಬೇಕಾದ್ದನ್ನಷ್ಟೇ ಹೇಳ್ತಾರೆ. ಜಮ್ಮು ಕಡೆ ಗಡಿ ಹಳ್ಳಿಗಳಲ್ಲಿ ಶೆಲ್ ಬಿದ್ದು ಸತ್ತೋರ ಸುದ್ದಿ ಹುಡುಕಿದ್ರೆ ಮಾತ್ರ ಸಿಗತ್ತೆ, ಕರಾಚಿ ಮಾತ್ರ ಹುಡುಕದೇನೇ ಬಂತು.

ನಾಳೆ ಫ್ಯಾಮಿಲಿ ಗ್ರೂಪಲ್ಲಿ ಇದ್ನೆಲ್ಲ ಹಾಕಿದ್ರೆ ರಘು ಮಾವ ದೇಶದ್ರೋಹಿ ಅಂತಾರೆ, ಗ್ಯಾರಂಟಿ. ಹೋದ್ಸಲ ಉಗಾದಿಗೂ ಇದೇ ಆಗಿತ್ತು.

ಇದು ಬರೀವಾಗ್ಲೇ ಶ್ರೀನಗರದಲ್ಲಿ ಮತ್ತೆ ಸ್ಫೋಟದ ಸದ್ದು ಅಂತ ಓಮರ್ ಅಬ್ದುಲ್ಲಾನೇ ಬರೆದಿದಾರೆ, ಕದನವಿರಾಮ ಎಲ್ಲೋಯ್ತು ಅಂತ, ಮುಖ್ಯಮಂತ್ರಿಗೇ ಗೊತ್ತಿಲ್ಲ ಅಂದ್ಮೇಲೆ ನಮ್ಗೆ