ನೀರುಬಣ್ಣದ ಮರದಚ್ಚು: ಐದನೆಯ ವಾರ

ನಾಲ್ಕೂ ಅಚ್ಚುಗಳು ನಿನ್ನೆ ಮೊದಲ ಬಾರಿಗೆ ಒಂದೇ ಹಾಳೆಯ ಮೇಲೆ ಮೂಡಿದವು. ಕೆರೆ, ಆಚೆ ದಡದ ಮರಸಾಲು, ಮೇಲೆ ಬೆಳಗಿನ ಆಕಾಶ. ಚಿತ್ರ ನನ್ನದು, ಪದ್ಧತಿ ಫ್ರಾಂಕ್ ಮಾರ್ಲಿ ಫ್ಲೆಚರ್ ಅವರದು. 1916ರಲ್ಲಿ ಪ್ರಕಟವಾದ ಅವರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂರುತ್ತೇನೆ.

ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ ಕೈಕಸುಬಿನ ಘನತೆಯನ್ನು ಎತ್ತಿ ಹಿಡಿದಿದ್ದ ದಿನಗಳಲ್ಲಿ ಇಂಗ್ಲೆಂಡಿನ ಈ ಕಲಾವಿದ ಜಪಾನಿನ ಬಣ್ಣದಚ್ಚಿನ ವಿದ್ಯೆಗೆ ಮನಸೋತರು. 1895ರ ‘ಈವ್ ಅಂಡ್ ದ ಸರ್ಪೆಂಟ್’ ಮುದ್ರಣಕ್ಕೆ ಚಿತ್ರ ಬರೆದವರು ಜಾನ್ ಡಿಕ್ಸನ್ ಬ್ಯಾಟನ್, ಅಚ್ಚು ಕೆತ್ತಿದವರು ಫ್ಲೆಚರ್. ಎರಡು ವರ್ಷಗಳ ನಂತರದ ‘ಮೆಡೋಸ್ವೀಟ್’ ಭೂದೃಶ್ಯದಲ್ಲಿ ಚಿತ್ರವೂ ಅವರದೇ. ಬರೆದ ಕೈಯೇ ಕೆತ್ತಿದರೆ ಏನಾಗುತ್ತದೆ ಎಂಬುದು ನನಗೆ ಮೂರನೆಯ ವಾರ ತಿಳಿಯಿತು. ದಡದ ಜೊಂಡನ್ನು ಪೆನ್ಸಿಲ್ಲಿನಲ್ಲಿ ಎಸಳೆಸಳಾಗಿ ಬರೆದಿದ್ದೆ. ಉಳಿ ಹಿಡಿದಾಗ ಮರದ ಎಳೆ ಅದಕ್ಕೆ ಒಪ್ಪಲಿಲ್ಲ. ಎಲ್ಲವನ್ನೂ ಬಿಟ್ಟು ಜೊಂಡನ್ನು ಒಂದೇ ಕಡುಹಸಿರಿನ ಹರಹಾಗಿ ಉಳಿಸಿಕೊಂಡೆ. ಚಿತ್ರಕ್ಕೆ ಉಸಿರು ಬಂದದ್ದು ಆಗಲೇ.

ಈ ವಾರವೆಲ್ಲ ಆಕಾಶದ ಜೊತೆ ಹೋಯಿತು. ಇಲ್ಲಿ ಎಣ್ಣೆಶಾಯಿಯೂ ಇಲ್ಲ, ಯಂತ್ರವೂ ಇಲ್ಲ. ನೀರಿನಲ್ಲಿ ಕಲಸಿದ ಬಣ್ಣವನ್ನು ಅಚ್ಚಿಗೆ ಸವರಿ, ಒದ್ದೆ ಕಾಗದ ಹಾಸಿ, ಬಿದಿರಿನ ಪೊರೆ ಹೊದಿಸಿದ ಬಾರೆನ್ ಎಂಬ ದುಂಡು ಉಜ್ಜುಬಿಲ್ಲೆಯಿಂದ ಕಾಗದದ ಬೆನ್ನ ಮೇಲೆ ಉಜ್ಜಬೇಕು. ಮೊದಲ ಹಾಳೆಗಳಲ್ಲಿ ನೀಲಿಯ ತುಂಬ ಬಿಳಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಎದ್ದವು. ಬಣ್ಣದ ಜೊತೆ ಅಕ್ಕಿಹಿಟ್ಟಿನ ಅಂಟನ್ನು ಚಿಟಿಕೆಯಷ್ಟು ಸೇರಿಸಿ ಬ್ರಷ್ಷಿನಿಂದ ಚೆನ್ನಾಗಿ ಹರಡಿದ ಮೇಲೆ ಆಕಾಶ ನುಣುಪಾಯಿತು. ಅಚ್ಚಿನ ಕೆಳಭಾಗವನ್ನು ಒದ್ದೆ ಬ್ರಷ್ಷಿನಿಂದ ಒಮ್ಮೆ ಸವರಿದರೆ ಸಾಕು, ನೀಲಿ ತಾನಾಗಿಯೇ ತೆಳುವಾಗುತ್ತ ದಿಗಂತದಲ್ಲಿ ಕರಗುತ್ತದೆ. ಮೊದಲ ಸಲ ಅದನ್ನು ಕಂಡಾಗ ಹಾಳೆ ಹಿಡಿದು ಕಿಟಕಿಯ ಬಳಿ ಎಷ್ಟು ಹೊತ್ತು ನಿಂತಿದ್ದೆನೋ.

ಮರಸಾಲು ಮಾತ್ರ ಸುಮಾರು ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಕಾಗದ ಕೂರಿಸಲು ಪ್ರತಿ ಅಚ್ಚಿನಲ್ಲೂ ಒಂದು ಮೂಲೆಗಚ್ಚು, ಒಂದು ನೇರಗಚ್ಚು ಇರುತ್ತದೆ. ಅವನ್ನು ಮೂರು ಸಲ ಅಳೆದೆ. ತಪ್ಪು ಅಲ್ಲಿರಲಿಲ್ಲ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಗದ ಒಣಗಿ ಕುಗ್ಗಿತ್ತು. ಈಗ ಹಾಳೆಗಳನ್ನು ಒದ್ದೆ ರದ್ದಿಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ ಹೇರಿ, ಒಂದೊಂದಾಗಿಯೇ ಹೊರತೆಗೆಯುತ್ತೇನೆ.

ಏಳು ಹಾಳೆಗಳು ಹಲಗೆಯಡಿ ಕಾಯುತ್ತಿವೆ. ಜೊಂಡಿನ ಹಸಿರಿಗೆ ಇನ್ನೊಂದು ಸುತ್ತು ಬೇಕು.