ಸ್ಪೇನ್‌ನಿಂದ ಟರ್ಕಿಯವರೆಗೆ: ಊಟದ ಹೊತ್ತು ಅರಿತು ಪ್ರಯಾಣ ಮಾಡುವ ಬಗೆ

ಸ್ಪೇನ್, ಫ್ರಾನ್ಸ್, ಇಟಲಿ ಮತ್ತು ಟರ್ಕಿಯನ್ನು ಒಂದೇ ಪ್ರವಾಸದಲ್ಲಿ ನೋಡಬೇಕೆಂದು ಯೋಜಿಸುವವರು ರೈಲಿನ ವೇಳಾಪಟ್ಟಿ, ವಸ್ತುಸಂಗ್ರಹಾಲಯದ ಟಿಕೆಟ್, ವಸತಿ ಇವೆಲ್ಲವನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡಿಕೊಂಡು, ಊಟದ ವಿಷಯವನ್ನು ಮಾತ್ರ ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿರುತ್ತಾರೆ. ಈ ದಾರಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಯಾಣ ಮಾಡಿ ಬಂದಮೇಲೆ ನನಗೆ ದೃಢವಾದ ಅಭಿಪ್ರಾಯವೆಂದರೆ, ಆಯಾ ದೇಶದ ಜನರು ಯಾವ ಹೊತ್ತಿಗೆ ಮತ್ತು ಯಾವ ಕ್ರಮದಲ್ಲಿ ಉಣ್ಣುತ್ತಾರೆ ಎಂಬುದನ್ನು ತಿಳಿದುಕೊಂಡು ಅದರ ಸುತ್ತ ಉಳಿದ ದಿನಚರಿಯನ್ನು ಜೋಡಿಸಬೇಕು. ಏನು ಉಣ್ಣುತ್ತಾರೆ ಎಂಬುದನ್ನು ಮೆನು ನೋಡಿಯೋ ಪಕ್ಕದ ಮೇಜು ನೋಡಿಯೋ ತಿಳಿಯಬಹುದು. ಆದರೆ ಹೊತ್ತು ಮೀರಿದರೆ ಬಾಗಿಲು ತೆರೆದಿದ್ದರೂ ಒಳಗೆ ಅಡುಗೆಮನೆ ಮುಚ್ಚಿರುತ್ತದೆ.

ಸ್ಪೇನ್‌ನಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚು ನಿಜ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು ಎರಡರಿಂದ ನಾಲ್ಕು ಗಂಟೆ. ರಾತ್ರಿಯ ಊಟ ಒಂಬತ್ತರ ನಂತರ. ಬೇಸಿಗೆಯಲ್ಲಿ ರಾತ್ರಿ ಹತ್ತೂವರೆಗೆ ಮಕ್ಕಳೊಡನೆ ಊಟಕ್ಕೆ ಕುಳಿತ ಕುಟುಂಬಗಳನ್ನು ಮ್ಯಾಡ್ರಿಡ್‌ನ ಬಡಾವಣೆಗಳಲ್ಲಿ ನಾವು ಕಂಡೆವು. ಇದಕ್ಕೆ ಬಿಸಿಲನ್ನೇ ಕಾರಣವಾಗಿ ಹೇಳುವವರಿದ್ದಾರೆ, ಆದರೆ ಗಡಿಯಾರದ ಪಾತ್ರವೂ ಅಷ್ಟೇ ದೊಡ್ಡದು. ಸ್ಪೇನ್‌ನ ಬಹುಪಾಲು ನೆಲ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ. ಆದರೂ ಸರ್ವಾಧಿಕಾರಿ ಫ್ರಾಂಕೋನ ಆಡಳಿತವು 1940ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಸರಿಸಿ ಮಧ್ಯ ಯುರೋಪಿನ ಸಮಯವನ್ನು ಅಳವಡಿಸಿತು ಮತ್ತು ಎರಡನೆಯ ಮಹಾಯುದ್ಧ ಮುಗಿದಮೇಲೂ ಅದು ಹಾಗೆಯೇ ಉಳಿಯಿತು. ಹೀಗಾಗಿ ಜೂನ್ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಮುಕ್ಕಾಲರ ಸುಮಾರಿಗೆ. ಸೂರ್ಯನ ಲೆಕ್ಕದಲ್ಲಿ ನೋಡಿದರೆ ಅಲ್ಲಿಯ ಜನರ ಊಟ ನಮಗೆ ತೋರುವಷ್ಟು ತಡವಲ್ಲ. ಈ ಸಂಗತಿ ಒಮ್ಮೆ ಮನಸ್ಸಿಗೆ ಬಂದರೆ ಆ ವೇಳೆಗೆ ಹೊಂದಿಕೊಳ್ಳುವುದು ಸುಲಭವಾಗುತ್ತದೆ.

ಹೊಂದಿಕೊಳ್ಳುವ ವಿಧಾನ ಹೀಗಿದೆ. ಬೆಳಿಗ್ಗೆ ಎದ್ದಾಗ ಕಾಫಿ ಮತ್ತು ಸುಟ್ಟ ಬ್ರೆಡ್ಡಿಗೆ ಉಜ್ಜಿದ ಟೊಮೇಟೊ, ಆಲಿವ್ ಎಣ್ಣೆ ಸಾಕು. ಹನ್ನೊಂದರ ಹೊತ್ತಿಗೆ ಕಚೇರಿಯ ಕೆಲಸಗಾರರು ಬಾರ್‌ಗೆ ಬಂದು ಆಲೂಗಡ್ಡೆ ಮತ್ತು ಮೊಟ್ಟೆಯ ದಪ್ಪ ತೋರ್ತಿಯಾದ ಒಂದು ತುಂಡು ತಿಂದು ಹೋಗುವುದನ್ನು ನೋಡಿ, ನೀವೂ ಹಾಗೆಯೇ ಮಾಡಿ. ಸ್ಪೇನ್‌ನಲ್ಲಿ ಬಾರ್ ಎಂದರೆ ಮದ್ಯದಂಗಡಿಯಷ್ಟೇ ಅಲ್ಲ. ಅಜ್ಜಿಯರು, ಮಕ್ಕಳು, ಕೆಲಸಗಾರರು ಎಲ್ಲರೂ ಬರುವ ಕಾಫಿ ತಿಂಡಿಯ ತಾಣ, ಆದ್ದರಿಂದ ಹೋಗಲು ಸಂಕೋಚ ಬೇಡ. ಮಧ್ಯಾಹ್ನ ಎರಡಕ್ಕೆ ದಿನದ ದೊಡ್ಡ ಊಟ ಮಾಡಿ. ಸಂಜೆ ಆರರ ಸುಮಾರಿಗೆ ಏನಾದರೂ ಸಣ್ಣದು. ಮ್ಯಾಡ್ರಿಡ್‌ನ ಪ್ರಾಡೋ ವಸ್ತುಸಂಗ್ರಹಾಲಯಕ್ಕೆ ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರವರೆಗೆ ಉಚಿತ ಪ್ರವೇಶವಿರುವುದರಿಂದ, ಉಳಿದ ಊರುಗಳಲ್ಲಿ ಊಟದ ಹೊತ್ತಾಗಿರುವ ಆ ಎರಡು ಗಂಟೆಯನ್ನು ಇಲ್ಲಿ ಚಿತ್ರಗಳಿಗೆ ಕೊಡಬಹುದು. ಹೊರಬಂದಾಗ ರಾತ್ರಿಯ ಊಟಕ್ಕೆ ಸರಿಯಾದ ವೇಳೆಯಾಗಿರುತ್ತದೆ. ಸಾಲು ಉದ್ದವಿರುವುದರಿಂದ ಆರಕ್ಕಿಂತ ಮೊದಲೇ ಹೋಗಿ ನಿಲ್ಲಬೇಕು.

ಮಧ್ಯಾಹ್ನದ ಊಟಕ್ಕೆ ಮೆನು ದೆಲ್ ದಿಯಾ ಎಂಬ ವ್ಯವಸ್ಥೆಯನ್ನು ಖಂಡಿತ ಬಳಸಿಕೊಳ್ಳಿ. 1960ರ ದಶಕದಲ್ಲಿ ಪ್ರವಾಸಿಗರಿಗೆ ನಿಗದಿತ ಬೆಲೆಯ ಊಟ ಸಿಗಲೆಂದು ಸರ್ಕಾರ ಜಾರಿಗೆ ತಂದ ನಿಯಮದಿಂದ ಬೆಳೆದ ಈ ಪದ್ಧತಿ ಈಗ ಸ್ಥಳೀಯ ಕೆಲಸಗಾರರ ನಿತ್ಯದ ಊಟವಾಗಿದೆ. ಎರಡು ಬಗೆಯ ಖಾದ್ಯ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಇಷ್ಟಕ್ಕೆ ಸಾಮಾನ್ಯ ಬಡಾವಣೆಗಳಲ್ಲಿ 12ರಿಂದ 16 ಯೂರೋ ಕೊಟ್ಟರೆ ಸಾಕು. ಹೆಚ್ಚಿನ ಕಡೆ ಇದು ವಾರದ ದಿನಗಳಲ್ಲಿ, ಮಧ್ಯಾಹ್ನ ಮಾತ್ರ ಸಿಗುತ್ತದೆ. ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು: ತರಕಾರಿ ಎಂದು ಬರೆದಿರುವ ಹುರುಳಿಕಾಯಿಯ ಖಾದ್ಯದಲ್ಲಿ ಹಂದಿಮಾಂಸದ ಚೂರುಗಳೂ, ಮಿಶ್ರ ಸಲಾಡ್‌ನಲ್ಲಿ ಟ್ಯೂನಾ ಮೀನೂ ಇರುವುದು ಅಲ್ಲಿ ತೀರಾ ಸಾಮಾನ್ಯ. ಮಾಂಸವಿಲ್ಲದ್ದು ಬೇಕು ಎಂದಷ್ಟೇ ಹೇಳಿದರೆ ಸಾಲದು. ಹಂದಿಮಾಂಸ ಬೇಡ, ಮೀನೂ ಬೇಡ ಎಂದು ಬಿಡಿಬಿಡಿಯಾಗಿ ಹೇಳಬೇಕು. ತಣ್ಣನೆಯ ಗಸ್ಪಾಚೊ ಸೂಪ್, ಹುರಿದ ಪಾದ್ರೋನ್ ಮೆಣಸಿನಕಾಯಿ, ಸೆವಿಲ್‌ನಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಖಾದ್ಯ ಇವುಗಳನ್ನು ನೆಚ್ಚಿಕೊಳ್ಳಬಹುದು. ರಾತ್ರಿಗೆ ದೊಡ್ಡ ಊಟದ ಬದಲು ಒಂದು ಬಾರ್‌ನಿಂದ ಇನ್ನೊಂದಕ್ಕೆ ನಡೆಯುತ್ತ ತಾಪಾಸ್ ಎಂಬ ಸಣ್ಣ ತಟ್ಟೆಯ ತಿಂಡಿಗಳನ್ನು ತಿನ್ನುವುದು ಅಲ್ಲಿಯ ಜನರಿಗೆ ಬಹಳ ಪ್ರಿಯ. ಗ್ರಾನಡಾದಲ್ಲಿ ಪಾನೀಯದ ಜೊತೆಗೆ ಒಂದು ಸಣ್ಣ ತಟ್ಟೆ ತಿಂಡಿಯನ್ನು ಉಚಿತವಾಗಿ ಕೊಡುವ ಪದ್ಧತಿ ಇಂದಿಗೂ ಗಟ್ಟಿಯಾಗಿ ಉಳಿದಿದೆ.

ಗಡಿ ದಾಟಿ ಫ್ರಾನ್ಸ್‌ಗೆ ಹೋದರೆ ಗಡಿಯಾರ ಅದೇ, ಊಟದ ವೇಳೆ ಮಾತ್ರ ಎರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಬಾರ್ಸಿಲೋನಾದಿಂದ ರೈಲಿನಲ್ಲಿ ಲಿಯೋನ್‌ಗೆ ಬರುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಒಂದೂವರೆಯ ನಂತರ ಹೋದರೆ ಸಣ್ಣ ಊಟದ ಮನೆಗಳಲ್ಲಿ ಅಡುಗೆ ಮುಗಿಯಿತೆಂದು ಹೇಳಿಬಿಡಬಹುದು. ಭಾನುವಾರ ಮತ್ತು ಸೋಮವಾರ ಅನೇಕ ಊಟದ ಮನೆಗಳಿಗೆ ರಜೆ, ಆದ್ದರಿಂದ ಆ ಎರಡು ದಿನಗಳ ಊಟವನ್ನು ಮೊದಲೇ ಯೋಚಿಸಿ, ಶನಿವಾರ ಇಲ್ಲವೆ ಭಾನುವಾರ ಬೆಳಿಗ್ಗೆಯ ಸಂತೆಯಲ್ಲಿ ಬ್ರೆಡ್, ಚೀಸ್, ಹಣ್ಣು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಒಳಗೆ ಕಾಲಿಟ್ಟೊಡನೆ ಬೊಂಜೂರ್ ಎಂದು ನಮಸ್ಕರಿಸದೆ ನೇರವಾಗಿ ಊಟ ಕೇಳುವುದು ಅಲ್ಲಿ ಒರಟುತನವೆನಿಸುತ್ತದೆ. ನೀರಿಗಾಗಿ ಬಾಟಲಿ ಕೊಳ್ಳಬೇಕಿಲ್ಲ. ಕರಾಫ್ ದೋ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ತಂದಿಡುತ್ತಾರೆ, ಊಟಕ್ಕೆ ಕುಳಿತವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂಬುದು ಅಲ್ಲಿಯ ಕಾನೂನು. ಸೇವಾಶುಲ್ಕವೂ ಬೆಲೆಯಲ್ಲೇ ಸೇರಿರುತ್ತದೆ. ಬ್ರೆಡ್ಡನ್ನು ತಟ್ಟೆಯ ಮೇಲಲ್ಲ, ಮೇಜಿನ ಮೇಲೆಯೇ ಇಟ್ಟುಕೊಳ್ಳುವುದನ್ನೂ, ಚೀಸ್ ಸಿಹಿಗಿಂತ ಮೊದಲು ಬರುವುದನ್ನೂ ನೋಡಿ ಅಚ್ಚರಿಪಡಬೇಡಿ. ಯುನೆಸ್ಕೊ 2010ರಲ್ಲಿ ಫ್ರೆಂಚರ ಔತಣದೂಟದ ಸಂಪ್ರದಾಯವನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ಖಾದ್ಯಕ್ಕಾಗಿ ಅಲ್ಲ, ಒಟ್ಟಿಗೆ ಕುಳಿತು ಕ್ರಮವಾಗಿ ಉಣ್ಣುವ ಆ ರೀತಿಗಾಗಿ. ಲಿಯೋನ್‌ನ ಬುಶೋನ್ ಎಂಬ ಹಳೆಯ ಊಟದ ಮನೆಗಳಲ್ಲಿ ಮಾಂಸದ ಅಡುಗೆಯೇ ಪ್ರಧಾನವಾಗಿರುವುದರಿಂದ ಸಸ್ಯಾಹಾರಿಗಳಿಗೆ ಅಲ್ಲಿ ಹೆಚ್ಚೇನೂ ದೊರೆಯುವುದಿಲ್ಲ.

ಇಟಲಿಯಲ್ಲಿ ವೇಳೆಗಿಂತ ಕ್ರಮಕ್ಕೆ ಹೆಚ್ಚು ಗಮನ ಕೊಡಬೇಕಾಗುತ್ತದೆ. ಬೆಳಗಿನ ತಿಂಡಿ ಸಿಹಿ ಮತ್ತು ಚುಟುಕು: ಒಂದು ಕಾಪುಚೀನೊ, ಕೊರ್ನೆತ್ತೊ ಎಂಬ ಒಂದು ಸಿಹಿ ಬನ್, ಅದೂ ಕಟ್ಟೆಯ ಮುಂದೆ ನಿಂತುಕೊಂಡು, ಐದು ನಿಮಿಷದಲ್ಲಿ. ನಿಂತು ಕುಡಿಯುವ ಬೆಲೆಯೇ ಬೇರೆ, ಮೇಜಿಗೆ ತರಿಸಿಕೊಳ್ಳುವ ಬೆಲೆಯೇ ಬೇರೆ. ಎರಡನೆಯದು ಪ್ರವಾಸಿಗರ ಚೌಕಗಳಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಬಹುದು. ಜನಜಂಗುಳಿಯಿರುವ ಬಾರ್‌ಗಳಲ್ಲಿ ಮೊದಲು ಗಲ್ಲಾದಲ್ಲಿ ಹಣ ಕೊಟ್ಟು, ರಸೀದಿಯನ್ನು ಕಟ್ಟೆಯ ಮೇಲಿಟ್ಟು ಕಾಫಿ ಕೇಳಬೇಕು. ಹಾಲು ಬೆರೆತ ಕಾಫಿ ಬೆಳಗಿನದು ಎಂಬುದು ಅವರ ಗಟ್ಟಿ ನಂಬಿಕೆ, ಊಟವಾದಮೇಲೆ ಅವರು ಕುಡಿಯುವುದು ಸಣ್ಣ ಬಟ್ಟಲಿನ ಕಪ್ಪು ಕಾಫಿಯನ್ನೇ. ನೀವು ಊಟದ ನಂತರ ಕಾಪುಚೀನೊ ಕೇಳಿದರೆ ಯಾರೂ ನಿರಾಕರಿಸುವುದಿಲ್ಲ, ಆದರೆ ಒಂದು ವಾರವಾದರೂ ಅವರಂತೆ ಕುಡಿದು ನೋಡಿ ಎಂದು ನಾನು ಹೇಳುತ್ತೇನೆ. ಭಾರವಾದ ಊಟದ ಮೇಲೆ ಹಾಲು ಏಕೆ ಬೇಡವೆನ್ನುತ್ತಾರೆ ಎಂಬುದು ಹೊಟ್ಟೆಗೇ ತಿಳಿಯುತ್ತದೆ.

ಊಟದ ಮೆನುವಿನಲ್ಲಿ ಆಂತಿಪಾಸ್ತೊ, ಪ್ರೀಮೊ, ಸೆಕೊಂದೊ, ಕೊಂತೊರ್ನೊ, ದೋಲ್ಚೆ ಎಂಬ ಐದು ಭಾಗಗಳಿದ್ದರೂ ಎಲ್ಲವನ್ನೂ ತರಿಸಿಕೊಳ್ಳಬೇಕೆಂಬ ಕಟ್ಟಳೆಯಿಲ್ಲ, ಸಾಮಾನ್ಯ ದಿನಗಳಲ್ಲಿ ಅಲ್ಲಿಯ ಜನರೂ ತರಿಸಿಕೊಳ್ಳುವುದಿಲ್ಲ. ಆಂತಿಪಾಸ್ತೊ ಎಂದರೆ ಊಟಕ್ಕೆ ಮುಂಚಿನ ತಿನಿಸು, ದೋಲ್ಚೆ ಎಂದರೆ ಕೊನೆಯ ಸಿಹಿ. ಪ್ರೀಮೊ ಎಂದರೆ ಪಾಸ್ತಾ, ಅನ್ನದ ರಿಸೊತ್ತೊ ಅಥವಾ ಸೂಪ್. ಸೆಕೊಂದೊ ಎಂದರೆ ಮಾಂಸ ಅಥವಾ ಮೀನು, ಅದರ ಜೊತೆಗೆ ತರಕಾರಿ ತಾನಾಗಿ ಬರುವುದಿಲ್ಲ, ಕೊಂತೊರ್ನೊ ಎಂದು ಬೇರೆಯಾಗಿಯೇ ಹೇಳಬೇಕು. ಒಂದು ಪ್ರೀಮೊ ಮತ್ತು ಒಂದು ಕೊಂತೊರ್ನೊ ಒಬ್ಬರಿಗೆ ತೃಪ್ತಿಯಾಗುವಷ್ಟು ಊಟ, ಸಸ್ಯಾಹಾರಿಗಳಿಗಂತೂ ಇದೇ ಉತ್ತಮ ದಾರಿ. ಆದರೆ ಪಾರ್ಮಿಜಾನೊ ರೆಜ್ಜಾನೊ ಚೀಸ್ ತಯಾರಿಸಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಬಳಸುತ್ತಾರೆ ಎಂಬುದನ್ನು ಕಟ್ಟುನಿಟ್ಟಿನವರು ತಿಳಿದಿರಬೇಕು. ಬೊಲೋನ್ಯಾದಲ್ಲಿ ರಗೂ ಎಂಬ ಮಾಂಸದ ಗೊಜ್ಜನ್ನು ಸ್ಪಗೆತ್ತಿಯೊಡನೆ ಕೇಳಬೇಡಿ. ಅಲ್ಲಿಯವರು ಅದನ್ನು ತಾಲ್ಯತೆಲ್ಲೆ ಎಂಬ ಅಗಲ ಎಳೆಯ ಪಾಸ್ತಾದೊಡನೆ ಉಣ್ಣುತ್ತಾರೆ, ಮತ್ತು ಆ ಎಳೆ ಬೆಂದಮೇಲೆ 8 ಮಿಲಿಮೀಟರ್ ಅಗಲವಿರಬೇಕೆಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ. ಇಂಥ ನಿಷ್ಠೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಒಂದರಿಂದ ಮೂರು ಯೂರೋ ಸೇರಿದ್ದರೆ ಅದು ಮೋಸವಲ್ಲ, ಮೇಜು ಮತ್ತು ಬ್ರೆಡ್ಡಿನ ಶುಲ್ಕ. ಮೆನುವಿನಲ್ಲಿ ಅದನ್ನು ಬರೆದಿರುತ್ತಾರೆ. ರೋಮ್‌ನಲ್ಲಿ ಬೀದಿಬದಿಯ ನಸೋನೆ ಕಾರಂಜಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಕೈಯಲ್ಲಿದ್ದರೆ ಸಾಕು.

ರೋಮ್‌ನಿಂದ ವಿಮಾನದಲ್ಲಿ ಇಸ್ತಾಂಬುಲ್‌ಗೆ ಬಂದಾಗ, ಎರಡು ಮೂರು ವಾರ ಒಂದು ಕಾಫಿಯಲ್ಲಿ ಮುಗಿದುಹೋಗುತ್ತಿದ್ದ ಬೆಳಗಿನ ತಿಂಡಿಯೇ ದಿನದ ಮುಖ್ಯ ಊಟವಾಗಿಬಿಡುತ್ತದೆ. ಕಾಹ್ವಾಲ್ತಿ ಎಂದು ಕರೆಯುವ ಈ ತಿಂಡಿಗೆ ಬಿಳಿ ಚೀಸ್, ಹಳದಿ ಚೀಸ್, ಕಪ್ಪು ಮತ್ತು ಹಸಿರು ಆಲಿವ್, ಸೌತೆಕಾಯಿ, ಟೊಮೇಟೊ, ಹಣ್ಣಿನ ಮುರಬ್ಬ, ಜೇನಿನ ಜೊತೆಗೆ ಕೆನೆಯಂಥ ಕಾಯ್ಮಕ್, ಟೊಮೇಟೊ ಬೆರೆಸಿದ ಮೊಟ್ಟೆಯ ಮೆನೆಮೆನ್, ಬಿಸಿ ಬ್ರೆಡ್ ಎಲ್ಲವೂ ಸಣ್ಣ ಸಣ್ಣ ತಟ್ಟೆಗಳಲ್ಲಿ ಬಂದು ಮೇಜು ತುಂಬುತ್ತದೆ. ವಾರಾಂತ್ಯದಲ್ಲಿ ಮನೆಮಂದಿಯೆಲ್ಲ ಸೇರಿ ಹತ್ತಕ್ಕೆ ಕುಳಿತರೆ ಹನ್ನೆರಡಕ್ಕೆ ಏಳುತ್ತಾರೆ. ಇಲ್ಲಿಯೂ ಗಡಿಯಾರ ಸೂರ್ಯನಿಗಿಂತ ಮುಂದಿದೆ: 2016ರಿಂದ ಟರ್ಕಿಯು ವರ್ಷವಿಡೀ ಬೇಸಿಗೆಯ ಸಮಯವನ್ನೇ ಪಾಲಿಸುತ್ತಿರುವುದರಿಂದ ಇಸ್ತಾಂಬುಲ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ಕಳೆದಮೇಲೆಯೇ. ಚಳಿಗಾಲದಲ್ಲಿ ಹೋಗುವವರು ಮುಂಜಾನೆಯ ನೋಟಗಳನ್ನು ಕೈಬಿಟ್ಟು ನಿಧಾನವಾದ ತಿಂಡಿಯಿಂದಲೇ ದಿನವನ್ನು ಆರಂಭಿಸಬಹುದು. ಇಬ್ಬರಿಗೆಂದು ಕೊಡುವ ತಿಂಡಿಯೇ ಮೂವರಿಗೆ ಸಾಕಾಗುವಷ್ಟಿರುವುದರಿಂದ ತಲೆಗೊಂದು ಹೇಳಬೇಡಿ. ಅಂಥ ತಿಂಡಿ ಆದ ದಿನ ಮಧ್ಯಾಹ್ನದ ಊಟದ ಯೋಚನೆಯೂ ಬೇಕಿಲ್ಲ.

ಆದರೆ ಕನಿಷ್ಠ ಒಂದು ದಿನ ತಿಂಡಿಯನ್ನು ರಸ್ತೆಬದಿಯ ಎಳ್ಳು ಮೆತ್ತಿದ ಸಿಮಿತ್ ಬ್ರೆಡ್ಡಿಗೆ ಮುಗಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಎಸ್ನಾಫ್ ಲೋಕಾಂತಾಸಿಗೆ ಹೋಗಲೇಬೇಕು. ಅಂಗಡಿಕಾರರು, ಕುಶಲಕರ್ಮಿಗಳು ನಿತ್ಯ ಉಣ್ಣುವ ಈ ಊಟದ ಮನೆಗಳಲ್ಲಿ ಬೆಳಿಗ್ಗೆಯೇ ಮಾಡಿಟ್ಟ ಅಡುಗೆಯನ್ನು ಗಾಜಿನ ಹಿಂದೆ ಬಿಸಿಯಾಗಿ ಸಾಲಾಗಿ ಇಟ್ಟಿರುತ್ತಾರೆ, ಭಾಷೆ ಬಾರದವರು ಬೆರಳು ತೋರಿಸಿದರೆ ಸಾಕು. ಒಳ್ಳೆಯ ಖಾದ್ಯಗಳು ಎರಡು ಗಂಟೆಯೊಳಗೆ ಖಾಲಿಯಾಗುತ್ತವೆ ಮತ್ತು ಅನೇಕ ಲೋಕಾಂತಾಗಳು ಸಂಜೆ ತೆರೆಯುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಸಸ್ಯಾಹಾರಿಗಳಿಗೆ ಅತ್ಯಂತ ನೆಮ್ಮದಿಯ ಊಟ ಇದೇ: ಝೇತಿನ್‌ಯಾಲಿ ಎಂಬ ವರ್ಗದ ಹುರುಳಿಕಾಯಿ, ಬದನೆಕಾಯಿ, ಆರ್ಟಿಚೋಕ್ ಖಾದ್ಯಗಳನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿದಮೇಲೆ ಬಡಿಸುತ್ತಾರೆ. ತಣ್ಣಗಿದೆ ಎಂದು ಹಿಂದಿರುಗಿಸಬೇಡಿ, ಅದು ಇರಬೇಕಾದದ್ದೇ ಹಾಗೆ. ನಿಂಬೆ ಹಿಂಡಿದ ಬೇಳೆಯ ಸೂಪ್ ಸೊಗಸಾಗಿರುತ್ತದೆ. ಅದನ್ನು ಮಾಂಸದ ಸಾರಿನಲ್ಲಿ ಮಾಡಿದ್ದಾರೆಯೇ ಎಂದು ಮಾತ್ರ ಮೊದಲು ವಿಚಾರಿಸಿ.

ಚಹಾ ದಿನವಿಡೀ ನಡೆಯುತ್ತಿರುತ್ತದೆ. ಎರಡು ಅಂತಸ್ತಿನ ಪಾತ್ರೆಯ ಮೇಲ್ಭಾಗದ ಗಟ್ಟಿ ಡಿಕಾಕ್ಷನ್ನಿಗೆ ಕೆಳಗಿನ ಬಿಸಿನೀರು ಬೆರೆಸಿ, ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದೆ ಕೊಡುತ್ತಾರೆ. ಅಂಗಡಿಯವರು ಕೊಟ್ಟ ಚಹಾ ಕುಡಿದರೆ ಸರಕು ಕೊಳ್ಳಲೇಬೇಕೆಂದೇನೂ ಇಲ್ಲ. ಊಟದ ಮನೆಗಳಲ್ಲಿ ಬಿಲ್ಲಿನ ಹತ್ತನೆಯ ಒಂದು ಭಾಗದಷ್ಟು ಟಿಪ್ಸ್ ಬಿಡುವುದು ವಾಡಿಕೆ; ಕುಡಿಯುವ ನೀರನ್ನು ಇಲ್ಲಿ ಕೊಂಡೇ ಕುಡಿಯಿರಿ.

ಟಿಕೆಟ್ ಕಾಯ್ದಿರಿಸುವ ಮೊದಲು ರಂಜಾನ್ ಯಾವಾಗ ಬರುತ್ತದೆ ಎಂಬುದನ್ನು ನೋಡಿಕೊಳ್ಳಿ, ಏಕೆಂದರೆ ಅದು ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ತಿಂಗಳಲ್ಲಿ ಇಸ್ತಾಂಬುಲ್‌ನ ಪ್ರವಾಸಿ ಭಾಗಗಳಲ್ಲಿ ಹಗಲೂ ಊಟ ಸಿಗುತ್ತದೆ, ಆದರೆ ಲೋಕಾಂತಾಗಳಲ್ಲಿ ಕೆಲವು ಮಧ್ಯಾಹ್ನ ಮುಚ್ಚಿರುತ್ತವೆ. ಸೂರ್ಯಾಸ್ತಕ್ಕೆ ಉಪವಾಸ ಮುರಿಯುವ ಇಫ್ತಾರ್ ವೇಳೆಯಲ್ಲಿ ಎಲ್ಲ ಮೇಜುಗಳೂ ಒಮ್ಮೆಗೇ ತುಂಬುವುದರಿಂದ, ಒಂದು ದಿನ ಮುಂಚೆಯೇ ಜಾಗ ಕಾಯ್ದಿರಿಸಿ ಸೂರ್ಯಾಸ್ತಕ್ಕೆ ಕಾಲು ಗಂಟೆ ಮೊದಲು ಹೋಗಿ ಕುಳಿತುಕೊಳ್ಳಿ, ಬ್ರೆಡ್ ಮುಂದಿದ್ದರೂ ಉಳಿದವರು ಕೈ ಹಾಕುವವರೆಗೆ ಕಾಯಿರಿ; ಅಷ್ಟು ಹೊಂದಿಕೊಳ್ಳಲು ಆಗುವುದಿಲ್ಲವೆನಿಸಿದರೆ ಸೂರ್ಯಾಸ್ತವಾಗಿ ಒಂದೂವರೆ ಗಂಟೆಯ ನಂತರ ಹೋಗುವುದು ಸುಲಭ.