ಪಾಠ ಬರೆಯುವ ಮೊದಲೇ ಕೇಳಬೇಕಾದವರು

ಟೊರೊಂಟೊದಲ್ಲಿ ನಾನು ಕೆಲಸ ಮಾಡುವುದು ಶಾಲಾ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಕಂಪನಿಯೊಂದರ ಸಂಪಾದಕೀಯ ವಿಭಾಗದಲ್ಲಿ. ಮೂಲನಿವಾಸಿಗಳ ಕುರಿತ ಯಾವ ಪಾಠವೂ ಆ ಸಮುದಾಯಗಳ ಸಲಹೆಗಾರರು ಒಪ್ಪದೆ ಇಲ್ಲಿ ಅಚ್ಚಿಗೆ ಹೋಗುವುದಿಲ್ಲ.

ಇದಕ್ಕೆ ಹಿನ್ನೆಲೆಯಿದೆ. ಕೆನಡಾ ಸರ್ಕಾರವೂ ಚರ್ಚುಗಳೂ ಸೇರಿ ನಡೆಸಿದ ವಸತಿ ಶಾಲೆಗಳಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳು ಹೆತ್ತವರಿಂದ ದೂರವಾಗಿ, ತಾಯ್ನುಡಿಯಾಡಿದರೆ ಶಿಕ್ಷೆಗೆ ಗುರಿಯಾಗಿ ಬೆಳೆದರು. ಇವುಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಷ್ಟೇ. ಈ ಶಾಲೆಗಳ ಕುರಿತು ವಿಚಾರಣೆ ನಡೆಸಿದ, ಮರ್ರೆ ಸಿಂಕ್ಲೇರ್ ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ ಮುಂದಿಟ್ಟ 94 ಬೇಡಿಕೆಗಳಲ್ಲಿ 62ನೆಯದು, ಈ ಚರಿತ್ರೆಯನ್ನು ಶಿಶುವಿಹಾರದಿಂದ 12ನೇ ತರಗತಿಯವರೆಗೆ ಕಡ್ಡಾಯವಾಗಿ ಕಲಿಸಬೇಕೆಂದೂ ಆ ಪಾಠಗಳನ್ನು ಬದುಕುಳಿದವರೊಡನೆ ಸಮಾಲೋಚಿಸಿ ರೂಪಿಸಬೇಕೆಂದೂ ಹೇಳುತ್ತದೆ. ಆದರೂ ಎರಡೇ ವರ್ಷಗಳ ನಂತರ, ವಲಸಿಗರಿಗೆ ಜಾಗ ಮಾಡಿಕೊಡಲು ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಜನರು ಒಪ್ಪಿಯೇ ಬೇರೆಡೆಗೆ ಹೋದರೆಂದು ಬರೆದಿದ್ದ ಮೂರನೇ ತರಗತಿಯ ಅಭ್ಯಾಸಪುಸ್ತಕವೊಂದನ್ನು ಒಂಟಾರಿಯೊದ ಪ್ರಕಾಶಕರು ಹಿಂತೆಗೆದುಕೊಳ್ಳಬೇಕಾಯಿತು.

ಅಂಥ ವಾಕ್ಯವನ್ನು ತಿದ್ದುವುದು ಸುಲಭ. ಆದರೆ ಪುಟವೆಲ್ಲ ಸಿದ್ಧವಾದ ಮೇಲೆ ಸಲಹೆ ಕೇಳುವುದು, ಅಡುಗೆ ಮುಗಿಸಿ ಉಪ್ಪು ನೋಡಲು ಕರೆದಂತೆ. ಆಗ ಅವರಿಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ. ನಮ್ಮಲ್ಲೂ ಬಹುಕಾಲ ನಡೆದದ್ದು ಹೀಗೆಯೇ.

ಸೆಪ್ಟೆಂಬರಿನ ಪಾಠಕ್ಕೆಂದು ನಾವು ಆರಿಸಿದ್ದ ಜನಪದ ಕಥೆಯೊಂದನ್ನು ನೋಡಿದ ಅನಿಶಿನಾಬೆ ಎಂಬ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು, ಅಂಥ ಕಥೆಗಳನ್ನು ನೆಲದ ಮೇಲೆ ಹಿಮ ಬಿದ್ದಿರುವಾಗ ಮಾತ್ರ ಹೇಳುವುದು ತಮ್ಮ ಪದ್ಧತಿಯೆಂದು ತಿಳಿಸಿದರು. "ಪುಸ್ತಕದಲ್ಲಿದ್ದರೇನು, ಮಕ್ಕಳು ಕೇಳುವುದು ಅದೇ ಕಥೆಯಲ್ಲವೇ?" ಎಂದರು. ಕಥೆ ಜನವರಿಯ ಘಟಕಕ್ಕೆ ಹೋಯಿತು. ಅದರ ಜತೆಗಿದ್ದ ಇನ್ನೊಂದು ಕಥೆ ಒಂದು ಕುಟುಂಬದ ಸ್ವತ್ತಾಗಿದ್ದು, ಅವರ ಅನುಮತಿ ನಮಗೆ ಸಿಗದ ಕಾರಣ ಅದನ್ನು ಕೈಬಿಟ್ಟೆವು. ಮಾರಾಟ ವಿಭಾಗದವರು ಗೊಣಗಿದರು, ಅದು ಅವರ ಧರ್ಮ.

ಯಾರೊಬ್ಬರೂ ಎಲ್ಲರ ಪರವಾಗಿ ಮಾತನಾಡುವುದಿಲ್ಲ ಎಂಬುದು ಇನ್ನೊಂದು ಕಟ್ಟುನಿಟ್ಟು. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನರ ಅಧ್ಯಾಯವನ್ನು, ದಕ್ಷಿಣದ ಬೇರೊಂದು ಮೂಲನಿವಾಸಿ ಸಮುದಾಯವಾದ ಹೋಡೆನೊಶೋನಿಯ ಸಲಹೆಗಾರರ ಮುಂದಿಟ್ಟಾಗ ಅವರು ಅದನ್ನು ಓದದೆಯೇ ಮರಳಿಸಿ, ಇನ್ಯೂಟರ ನಾಡಾದ ನುನಾವುಟ್‌ನವರನ್ನೇ ಕೇಳಿ ಎಂದರು. ಹಿರಿಯರ ಬಳಿಗೆ ಹೋಗುವಾಗ, ಆ ಸಮುದಾಯದಲ್ಲಿ ರೂಢಿಯಿದ್ದರೆ, ಮೊದಲು ತಂಬಾಕನ್ನು ಅರ್ಪಿಸುತ್ತೇವೆ. ಗೌರವಧನ ಅದಕ್ಕೆ ಬದಲಲ್ಲ, ಪ್ರತ್ಯೇಕ.

ಈಗ ಹೊಸ ಪುಸ್ತಕದ ಅಧ್ಯಾಯಗಳ ಪಟ್ಟಿ ತಯಾರಾಗುವ ಮೊದಲೇ ಸಲಹೆಗಾರರ ಸಭೆ ನಡೆಯುತ್ತದೆ, ಮುದ್ರಣವನ್ನು ತಡೆಯುವ ಅಧಿಕಾರವೂ ಅವರ ಒಪ್ಪಂದದಲ್ಲಿದೆ. ಇದರಿಂದ ಕೆಲಸದ ಅವಧಿ ಲಂಬಿಸುತ್ತದೆಂಬ ಆಡಳಿತದವರ ಆಕ್ಷೇಪ ನಿಜವೇ; ಆ ಅವಧಿಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಬೇಕೆಂಬುದು ನಮ್ಮ ವಿಭಾಗದ ವಾದ.